ಚರಿತ್ರೆಯ ಫಲಕದಲ್ಲಿ ಐತಿಹ್ಯಕ್ಕೂ ಜಾಗವಿರಬೇಕೆ?

ಅಮೆರಿಕದ ರಸ್ತೆಬದಿಗಳಲ್ಲಿ ಕಂಬದ ಮೇಲೆ ನಿಂತು ದಾರಿಹೋಕರಿಗೆ ಊರಿನ ಹಿಂದಣ ಕಥೆ ಹೇಳುವ ಲೋಹದ ಫಲಕಗಳು ಮೋಟಾರು ಕಾರಿನ ಕಾಲದ ಕೂಸುಗಳು. ನ್ಯೂಯಾರ್ಕ್ ರಾಜ್ಯವು 1926ರಲ್ಲಿ, ಸ್ವಾತಂತ್ರ್ಯ ಸಮರದ 150ನೆಯ ವರ್ಷಾಚರಣೆಯ ಸಂದರ್ಭದಲ್ಲಿ, ಇವುಗಳನ್ನು ನಿಲ್ಲಿಸುವ ಕೆಲಸಕ್ಕೆ ಕೈಹಾಕಿತು. ಮರುವರ್ಷವೇ ವರ್ಜೀನಿಯಾ ಅದೇ ದಾರಿ ಹಿಡಿಯಿತು. ದಾಖಲೆಯ ಬೆಂಬಲವಿಲ್ಲದೆ ಊರವರ ಬಾಯಲ್ಲಷ್ಟೇ ಉಳಿದುಬಂದ ಕಥೆಯನ್ನು ಇಂಥ ಫಲಕದ ಮೇಲೆ ಬರೆಯಬಹುದೆ ಎಂಬ ಪ್ರಶ್ನೆ ಮಾತ್ರ ತೀರದೆ ಉಳಿದಿದೆ.

ಪರ

ದಾಖಲೆ ತೋರಿಸಿದವರಿಗಷ್ಟೇ ಫಲಕ ಎಂಬ ನಿಯಮ ಮೇಲುನೋಟಕ್ಕೆ ಯಾರ ಪಕ್ಷವನ್ನೂ ವಹಿಸದಂತೆ ಕಾಣುತ್ತದೆ. ಆದರೆ ದಾಖಲೆ ಬರೆದವರು ಯಾರು, ಬರೆಯುವ ಅವಕಾಶವೇ ಇಲ್ಲದವರು ಯಾರು ಎಂದು ಕೇಳಿದ ಕೂಡಲೇ ಅದರ ವಾಲುವಿಕೆ ಬಯಲಾಗುತ್ತದೆ. 1850 ಮತ್ತು 1860ರ ಅಮೆರಿಕದ ಜನಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಮೈಬಣ್ಣ ಇದ್ದವು. ಅವರ ಹೆಸರುಗಳು ಬಹುತೇಕ ಇರಲಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಹೀಗೆ ಕಾಗದದಿಂದ ಹೊರಗಿಡಲ್ಪಟ್ಟವರ ಮರಿಮಕ್ಕಳು ತಮ್ಮ ಹಿರಿಯರು ಕೂಡಿ ಪ್ರಾರ್ಥಿಸುತ್ತಿದ್ದ ತೋಪನ್ನೋ ಅವರನ್ನು ಹೂಳಿದ ಜಾಗವನ್ನೋ ಗುರುತಿಸಿ ಹೇಳಿದಾಗ, ಅದಕ್ಕೆ ಕಾಗದ ತನ್ನಿ ಎನ್ನುವುದು ಹಳೆಯ ಅನ್ಯಾಯವನ್ನೇ ನಿಯಮದ ಹೆಸರಿನಲ್ಲಿ ಮುಂದುವರಿಸಿದಂತೆ.

ಬಾಯಿಂದ ಬಾಯಿಗೆ ಬಂದದ್ದೆಲ್ಲ ಕಟ್ಟುಕಥೆ ಎಂಬ ಎಣಿಕೆಯೂ ನಿಲ್ಲುವಂಥದ್ದಲ್ಲ. 1845ರಲ್ಲಿ ಇಂಗ್ಲೆಂಡಿನಿಂದ ಹೊರಟು ಕೆನಡಾದ ಉತ್ತರದ ಹಿಮದಲ್ಲಿ ಕಣ್ಮರೆಯಾದ ಜಾನ್ ಫ್ರಾಂಕ್ಲಿನ್ನನ ಹಡಗುಗಳಲ್ಲೊಂದು ಯಾವ ಕಡೆ ಮುಳುಗಿತೆಂದು ಇನುಯಿಟ್ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದರು. 2014ರಲ್ಲಿ ಎರೆಬಸ್ ಹಡಗು ಸಿಕ್ಕಿದ್ದು ಅವರು ಹೇಳಿದ ಪ್ರದೇಶದಲ್ಲೇ.

ಐತಿಹ್ಯವನ್ನು ಇತಿಹಾಸವೆಂದು ಮಾರಬೇಕೆಂದು ಯಾರೂ ಕೇಳುತ್ತಿಲ್ಲ. ನ್ಯೂಯಾರ್ಕಿನ ಪೊಮೆರಾಯ್ ಪ್ರತಿಷ್ಠಾನ ತನ್ನ ಚರಿತ್ರೆ ಫಲಕಗಳಿಗೆ ಮೂಲ ದಾಖಲೆಗಳನ್ನು ಕಡ್ಡಾಯ ಮಾಡಿದೆ. ಜಾನಪದ ಕಥೆಗಳಿಗಾಗಿ 2015ರಲ್ಲಿ ಬೇರೆಯೇ ಬಗೆಯ ಫಲಕಗಳನ್ನು ಆರಂಭಿಸಿ, ಇದು ಐತಿಹ್ಯ ಎಂಬುದನ್ನು ಫಲಕದ ನೆತ್ತಿಯಲ್ಲೇ ಬರೆಯಿಸುತ್ತದೆ. ಓದುಗನನ್ನು ಮೋಸಗೊಳಿಸದೆ ಕಥೆಯನ್ನು ಉಳಿಸಿಕೊಳ್ಳುವ ದಾರಿ ಹೀಗೆ ಕಣ್ಣೆದುರೇ ಇದೆ.

ವಿರೋಧ

ಎರಕ ಹೊಯ್ದ ಅಕ್ಷರಕ್ಕೆ ಅದರೊಳಗಿನ ಮಾತಿಗಿಂತ ಹೆಚ್ಚಿನ ತೂಕವಿರುತ್ತದೆ. 'ಎನ್ನುತ್ತಾರೆ', 'ಪ್ರತೀತಿಯಿದೆ' ಎಂಬ ಎಚ್ಚರಿಕೆಯ ಪದಗಳು ಓಡುವ ಕಾರಿನಲ್ಲಿರುವವರ ಕಣ್ಣಿಗೆ ಬೀಳುವುದಿಲ್ಲ. ನೆತ್ತಿಯ ಮೇಲಿನ ಶೀರ್ಷಿಕೆಯ ಗತಿಯೂ ಬಹುಶಃ ಅಷ್ಟೇ. ನೆನಪಿನಲ್ಲಿ ಉಳಿಯುವುದು ಒಂದು ಹೆಸರು, ಒಂದು ಇಸವಿ.

ಮ್ಯಾಸಚೂಸೆಟ್ಸಿನ ಪ್ಲಿಮತ್ ಬಂಡೆಯನ್ನೇ ನೋಡಬಹುದು. ಮೇಫ್ಲವರ್ ಹಡಗಿನ ವಲಸಿಗರು 1620ರಲ್ಲಿ ಮೊದಲು ಕಾಲಿಟ್ಟದ್ದು ಇದರ ಮೇಲೆ ಎಂಬುದು ನಂಬಿಕೆ. ಆ ಹಡಗಿನಲ್ಲೇ ಬಂದಿದ್ದ ವಿಲಿಯಂ ಬ್ರಾಡ್‌ಫರ್ಡ್ ಮತ್ತು ಎಡ್ವರ್ಡ್ ವಿನ್ಸ್‌ಲೋ ಬರೆದಿಟ್ಟ ವೃತ್ತಾಂತಗಳಲ್ಲಿ ಬಂಡೆಯ ಸುದ್ದಿಯೇ ಇಲ್ಲ. ಅದು ಕೇಳಿಬಂದದ್ದು 121 ವರ್ಷ ಕಳೆದ ಮೇಲೆ, 1741ರಲ್ಲಿ. ಹಡಗುಕಟ್ಟೆ ಕಟ್ಟಲು ಬಂಡೆಯನ್ನು ಮುಚ್ಚಿಬಿಡುತ್ತಾರೆಂದು ತಿಳಿದ ಥಾಮಸ್ ಫಾನ್ಸ್ ಎಂಬ 90 ದಾಟಿದ ಹಿರಿಯ ತನ್ನನ್ನು ಕುರ್ಚಿಯಲ್ಲಿ ಹೊರಿಸಿಕೊಂಡು ದಡಕ್ಕೆ ಬಂದು, ಇದೇ ಆ ಬಂಡೆಯೆಂದು ತಂದೆಯಿಂದ ಕೇಳಿದ್ದೇನೆ ಎಂದ. ಆ ತಂದೆಯಾದರೂ ಮೇಫ್ಲವರಿನಲ್ಲಿ ಬಂದವನಲ್ಲ. ಅವನು ಬಂದದ್ದು 1623ರಲ್ಲಿ, ಬೇರೆ ಹಡಗಿನಲ್ಲಿ. ಮುದುಕ ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ಆದರೆ 1880ರಲ್ಲಿ ಬಂಡೆಯ ಮೇಲೆ 1620 ಎಂಬ ಅಂಕಿಗಳನ್ನು ಕೆತ್ತಿದ ಮೇಲೆ, ಅವನ ಮಾತನ್ನು ಅನುಮಾನಿಸುವ ಹಕ್ಕು ನೋಡಬಂದವರ ಕೈತಪ್ಪಿತು.

ಐತಿಹ್ಯವೆಂದರೆ ದನಿಯಿಲ್ಲದವರ ದನಿ ಎಂಬ ವಾದವೂ ಅರ್ಧ ಸತ್ಯವೇ. ಬಲಿಷ್ಠರಿಗೂ ಅವರವರ ಐತಿಹ್ಯಗಳಿರುತ್ತವೆ, ಕಲ್ಲು ನಿಲ್ಲಿಸುವ ಹಣ ಇರುವುದೂ ಹೆಚ್ಚಾಗಿ ಅವರಲ್ಲೇ. 1859ರಲ್ಲಿ ಜಾನ್ ಬ್ರೌನ್ ಗುಲಾಮಗಿರಿಯ ವಿರುದ್ಧ ಹಾರ್ಪರ್ಸ್ ಫೆರಿಯ ಮೇಲೆ ದಾಳಿ ಮಾಡಿದಾಗ ಅವನ ಕಡೆಯವರ ಗುಂಡಿಗೆ ಸತ್ತ ಹೇವರ್ಡ್ ಶೆಪರ್ಡ್, ರೈಲ್ವೆಯಲ್ಲಿ ಸಾಮಾನು ಸಾಗಿಸುವ ಕೆಲಸದಲ್ಲಿದ್ದ, ಯಾರ ಗುಲಾಮನೂ ಅಲ್ಲದ ಕಪ್ಪು ಮನುಷ್ಯ. ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಹೋರಾಡಿದವರ ವಂಶಸ್ಥರ ಸಂಘಗಳು 1931ರಲ್ಲಿ ಅಲ್ಲಿ ನಿಲ್ಲಿಸಿದ ಕಲ್ಲು ಅವನ ಸಾವನ್ನು ನೆಪ ಮಾಡಿಕೊಂಡು, ಯುದ್ಧದುದ್ದಕ್ಕೂ ಸಾವಿರಾರು ಕಪ್ಪು ಜನ ನಿಷ್ಠೆಗೆಡದೆ ಉಳಿದರೆಂದು ಕೊಂಡಾಡುತ್ತದೆ. ನಿಷ್ಠಾವಂತ ಗುಲಾಮನ ಆ ಕಥೆಯೂ ಮನೆಮನೆಗಳಲ್ಲಿ ಹೇಳಿ ಬೆಳೆಸಿದ್ದೇ, ಹೇಳಿದವರು ಮನಸಾರೆ ನಂಬಿದ್ದೇ. ಕಲ್ಲು ಇಂದಿಗೂ ಅಲ್ಲೇ ಇದೆ. ಅದು ಹೇಳದೆ ಬಿಟ್ಟದ್ದನ್ನು ಹೇಳಲು ರಾಷ್ಟ್ರೀಯ ಉದ್ಯಾನಗಳ ಇಲಾಖೆ ಅದರ ಪಕ್ಕದಲ್ಲಿ ಮತ್ತೊಂದು ಫಲಕವನ್ನು ನಿಲ್ಲಿಸಬೇಕಾಯಿತು.