ಮುಯ್ಯಿ ಲೆಕ್ಕವೂ ನಲವತ್ತು ಜಿಬಿ ಹಾರ್ಡ್‌ಡಿಸ್ಕೂ

ನಮ್ಮ ಚನ್ನರಾಯಪಟ್ಟಣದ ಕಡೆ ಮನೆಗೆ ಲಗ್ನಪತ್ರಿಕೆ ಬಂದರೆ ಮುಹೂರ್ತ ಎಷ್ಟು ಹೊತ್ತಿಗೆ, ಛತ್ರ ಯಾವುದು ಅಂತ ಯಾರೂ ಮೊದಲು ನೋಡುವುದಿಲ್ಲ. "ಇವ್ರು ನಮ್ಗೆ ಎಷ್ಟು ಮುಯ್ಯಿ ಹಾಕಿದ್ರು?" ಅನ್ನುವುದೇ ಮೊದಲ ಪ್ರಶ್ನೆ. ಅವರು ಹಾಕಿದ್ದಕ್ಕಿಂತ ಕಡಿಮೆ ಹಾಕಿದರೆ ಮಾನ ಹೋಗುತ್ತದೆ, ತೀರಾ ಹೆಚ್ಚು ಹಾಕಿದರೆ ದುಡ್ಡು ಹೋಗುತ್ತದೆ. ಎರಡೂ ಉಳಿಯಬೇಕಾದರೆ ಲೆಕ್ಕ ಬೇಕು.

ಈ ಸಲ ಬಂದ ಪತ್ರಿಕೆ ಹೊಳೆನರಸೀಪುರದ ಅತ್ತೆಯ ಮೈದುನನ ಮನೆಯದು. ಅವರು ನಮಗೆ ಹಾಕಿದ್ದು ನನ್ನ ಮದುವೆಯಲ್ಲಿ, 2004ರಲ್ಲಿ. ಮಿಕ್ಕವರ ಮನೆಗಳಲ್ಲಿ ಇಂಥದ್ದಕ್ಕೆ ಮುಯ್ಯಿ ಪುಸ್ತಕ ಇರುತ್ತದೆ. ಮೂಲೆಗೆ ಅರಿಶಿನ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆದು ಬೀರುವಿನಲ್ಲಿ ಒಡವೆ ಪಕ್ಕ ಇಟ್ಟಿರುತ್ತಾರೆ. ನಮ್ಮ ಮನೆಯಲ್ಲೂ ಇತ್ತು. ಆದರೆ ನಮ್ಮ ಚಿಕ್ಕಪ್ಪ, ಸಹಕಾರ ಸಂಘದ ಗುಮಾಸ್ತರು, ಆ ವರ್ಷವೇ ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದರು. ಎಕ್ಸೆಲ್ ಕಲಿತಿದ್ದರು, 'ನುಡಿ' ತಂತ್ರಾಂಶದಲ್ಲಿ ಕನ್ನಡ ಕುಟ್ಟುವುದನ್ನೂ ಕಲಿತಿದ್ದರು. ಕಲಿತ ವಿದ್ಯೆ ಸುಮ್ಮನೆ ಕೂರಲು ಬಿಡುತ್ತದೆಯೇ? ಬೀಗರ ಔತಣ ಮುಗಿದದ್ದೇ ತಡ, ಇಡೀ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿ, ಪುಸ್ತಕವನ್ನು ಹಳೇ ಪೇಪರಿನವನ ತಕ್ಕಡಿಗೆ ಹಾಕಿದರು. "ಇನ್ಮೇಲೆ ಇದಕ್ಕೆ ಗೆದ್ದಲು ಹಿಡಿಯೋ ಯೋಚನೆ ಇಲ್ಲ ಅತ್ತಿಗೆ" ಅಂತ ಅಮ್ಮನಿಗೆ ಭರವಸೆಯನ್ನೂ ಕೊಟ್ಟರು.

ಗೆದ್ದಲು ಹಿಡಿಯಲಿಲ್ಲ, ಆ ಮಾತು ಮಾತ್ರ ನಿಜ.

"ಅಟ್ಟದ ಮೇಲೆ ಐತಲ್ಲ, ಹತ್ತಿ ನೋಡೋ" ಅಂದರು ಅಮ್ಮ, ಉಪ್ಪಿನಕಾಯಿ ಜಾಡಿ ಇಳಿಸು ಅನ್ನುವ ಧಾಟಿಯಲ್ಲೇ. ಬೆಂಗಳೂರಿನಿಂದ ಎರಡು ದಿನ ಆರಾಮಾಗಿ ಇರೋಣ ಅಂತ ಬಂದಿದ್ದ ನಾನು ಏಣಿ ಹಾಕಿ ಹತ್ತಿದೆ. ಪೆಂಟಿಯಂ ಫೋರ್, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಒಂದು ಕಾಲದಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಇದರ ಮುಂದೆ ಕೂರಬೇಕಿತ್ತು. ಅಮ್ಮ ಹೊಲಿದ ಹೂವಿನ ಕವರು ಮಾನಿಟರ್ ಮೇಲೆ ಇನ್ನೂ ಇತ್ತು. ಆಯುಧ ಪೂಜೆಯಂದು ಕ್ಯಾಬಿನೆಟ್ಟಿಗೆ ಹಚ್ಚಿದ್ದ ವಿಭೂತಿಯ ಮೂರು ಪಟ್ಟೆ, ಅರಿಶಿನ, ಕುಂಕುಮ ಯಾವುದೂ ಮಾಸಿರಲಿಲ್ಲ. ಮುಂದೆ ತಿಳಿದ ಪ್ರಕಾರ ಕುಂಕುಮ ಹೊರಗಷ್ಟೇ ನಿಂತಿರಲಿಲ್ಲ. ಗಾಳಿ ಹೋಗುವ ಕಿಂಡಿಯಿಂದ ಒಳಗಿಳಿದು ಮದರ್‌ಬೋರ್ಡಿಗೂ ತಿಲಕವಿಟ್ಟಿತ್ತು.

ಕೆಳಗಿಳಿಸಿ, ಒರೆಸಿ, ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಒಳಗಿಂದ 'ಟಪ್' ಅಂತ ಒಂದು ಸದ್ದು, ಸುಟ್ಟ ವಾಸನೆ, ಜತೆಗೆ ಮನೆಯ ಕರೆಂಟೂ ಹೋಯಿತು. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಪ್ರಾಣ ಬಿಟ್ಟಿತ್ತು. ಅಡುಗೆಮನೆಯಿಂದ ಅಮ್ಮನ ಧ್ವನಿ: "ಸಿಕ್ತಾ?"

ಹಾರ್ಡ್‌ಡಿಸ್ಕನ್ನು ಬಿಚ್ಚಿಕೊಂಡು ಬೆಂಗಳೂರಿಗೆ ತಂದೆ. ಹಿಂಬದಿಯಲ್ಲಿ ಎರಡು ಸಾಲು ಪಿನ್ನುಗಳಿರುವ, ಐಡಿಇ ಅನ್ನುವ ಹಳೇ ಜೋಡಣೆಯ ಕಾಲದ ಡಿಸ್ಕು. ಅದರ ಜಾಗಕ್ಕೆ ಸಾಟಾ ಅನ್ನುವ ಹೊಸ ಜೋಡಣೆ ಬಂದದ್ದು 2003ರಲ್ಲಿ. ನಮ್ಮ ಮನೆಗೆ ಯಾವುದೂ ಬಂದ ವರ್ಷವೇ ಬರುವುದಿಲ್ಲ. ಇದಕ್ಕೊಂದು ಯುಎಸ್‌ಬಿ ಕನ್ವರ್ಟರ್ ಬೇಕು ಅಂತ ಎಸ್.ಪಿ. ರೋಡಿಗೆ ಹೋದೆ. ಮೊದಲ ಅಂಗಡಿಯ ಹುಡುಗ ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಪಕ್ಕದ ಅಂಗಡಿಯವನನ್ನು ಕೂಗಿ ಕರೆದು ತೋರಿಸಿದ. ಅವನು ಫೋಟೋ ಹೊಡೆದುಕೊಂಡ. ಆದರೆ ಎಸ್.ಪಿ. ರೋಡ್ ಎಸ್.ಪಿ. ರೋಡೇ ಸ್ವಾಮಿ, ಹುಟ್ಟುವ ಮೊದಲಿನ ಮಾಲನ್ನೂ ಆ ಹುಡುಗರು ಯಾವುದೋ ಮಹಡಿ ಹತ್ತಿ ತಂದುಕೊಡುತ್ತಾರೆ. ಧೂಳು ಹಿಡಿದ ಡಬ್ಬಿಯಲ್ಲಿ ಕನ್ವರ್ಟರ್ ಬಂತು. ಈ ದೊಡ್ಡ ಡಿಸ್ಕುಗಳಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟಿಗೆ ಅವು ಏಳುವುದಿಲ್ಲ. ಹಾಗಾಗಿ ಬೇರೆ ಅಡಾಪ್ಟರೂ ಜತೆಗೆ ಬಂತು, ಅದರ ದುಡ್ಡೂ ಹೋಯಿತು. ಮುಯ್ಯಿಯ ಖರ್ಚು ಮದುವೆಗೆ ಮೊದಲೇ ಶುರು.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿಸ್ಕು 'ಗುಂಯ್' ಅಂತ ತಿರುಗತೊಡಗಿತು. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಇಷ್ಟು ವರ್ಷ ಅಟ್ಟದಲ್ಲಿ ಮಲಗಿದ್ದ ಜೀವ ಎದ್ದು ಹೀಗೆ ತಿರುಗುತ್ತದಲ್ಲ ಅಂತ ನನಗೆ ನಿಜಕ್ಕೂ ಗೌರವ ಬಂತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಇದಕ್ಕಿಂತ ಅಪಾಯದ ವಿನಯ ಲೋಕದಲ್ಲಿ ಇನ್ನೊಂದಿಲ್ಲ. ಹಿಂದೆ ನಿಂತಿದ್ದ ನನ್ನ ಹೆಂಡತಿ, "ಕೇಳ್ತಿದೆಯಲ್ಲ ಪಾಪ, ಹೂಂ ಅನ್ನಿ" ಅಂದಳು. ನಾನು ಮೌಸನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡೆ.

ಅಲ್ಲಿಂದ ಸಲಹೆಗಳ ಸುರಿಮಳೆ. ಅಕ್ಕನ ಮಗ ಯಾವುದೋ ವಿಡಿಯೋ ನೋಡಿ, "ಮಾಮ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಲ್ಲಿಡಿ, ಸರಿಹೋಗತ್ತೆ" ಅಂದ. ಈ ಫ್ರೀಜರ್ ವೈದ್ಯ ಬಹಳ ಹಳೆಯದು, ಬಹಳ ಜನಪ್ರಿಯ, ಮಾಡಬಾರದ್ದು. ಹೊರಗೆ ತೆಗೆದಾಗ ಒಳಗಿನ ತಟ್ಟೆಗಳ ಮೇಲೆ ನೀರ ಹನಿ ಕಟ್ಟುತ್ತದೆ. ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವಿನ ಅಂತರ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಒಂದು ಧೂಳಿನ ಕಣ ನುಗ್ಗಿದರೇ ಕಷ್ಟ, ಇನ್ನು ನೀರು! ಡೇಟಾ ತೆಗೆದುಕೊಡುವ ಒಂದು ಕಂಪನಿಗೂ ಫೋನ್ ಮಾಡಿದೆ. ಅವರು ಧೂಳಿಲ್ಲದ ವಿಶೇಷ ಕೋಣೆಯಲ್ಲಿ ಡಿಸ್ಕ್ ಬಿಚ್ಚುತ್ತಾರಂತೆ. ಅದು ನ್ಯಾಯವಾದ ಕೆಲಸವೇ, ಬೆಲೆಯೂ ಅದಕ್ಕೆ ತಕ್ಕದ್ದೇ ಇರಬೇಕು. ಆದರೆ ಅವರು ಹೇಳಿದ ಮೊತ್ತದಲ್ಲಿ ಇಡೀ ಹೊಳೆನರಸೀಪುರಕ್ಕೆ ಮುಯ್ಯಿ ಹಾಕಬಹುದಿತ್ತು.

ಅಪ್ಪ ಮಾತ್ರ ಬೇರೆಯೇ ತಕರಾರು ತೆಗೆದರು. ವಾಟ್ಸಾಪಿನಲ್ಲಿ ನಾನು ಕಳಿಸಿದ್ದ ಫೋಟೋದಲ್ಲಿ ಡಿಸ್ಕಿನ ಅಳತೆ 37.2 ಜಿಬಿ ಅಂತ ಇತ್ತು. "ನಲವತ್ತು ಅಂತ ದುಡ್ಡು ಕೊಟ್ಟಿದ್ವಲ್ಲ, ಮಿಕ್ಕಿದ್ದು ಎಲ್ಲಿ?" ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅದರದ್ದು ಅಂತ ವಿವರಿಸಿದೆ. "ಸೇರಿಗೆ ಒಂದು ಹಿಡಿ ಹೊಡೆಯೋದು ಹೊಸ ವಿದ್ಯೆಯೇನಲ್ಲ ಬಿಡು" ಅಂದರು. ಸಮಾಧಾನವಾಗಲಿ ಅಂತ, ಐಬಿಎಂನವರು 1956ರಲ್ಲಿ ತಂದ ಮೊದಲ ಹಾರ್ಡ್‌ಡಿಸ್ಕ್ ಹೆಚ್ಚುಕಡಿಮೆ ಒಂದು ಟನ್ ತೂಗುತ್ತಿತ್ತು, 24 ಇಂಚಿನ 50 ತಟ್ಟೆ ಇದ್ದರೂ ಹಿಡಿಯುತ್ತಿದ್ದದ್ದು ಬರೀ 50 ಲಕ್ಷ ಅಕ್ಷರ ಅಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಐವತ್ತು ತಟ್ಟೆ ಅಂದ್ರೆ ಒಂದು ಪಂಕ್ತಿಗಾಗತ್ತೆ" ಅಂದರು.

ಕೊನೆಗೆ ದಾರಿ ತೋರಿಸಿದವನು ಒಬ್ಬ ಹಳೇ ಸಹೋದ್ಯೋಗಿ. "ಮೊದಲು ಡಿಸ್ಕಿನ ಪೂರ್ತಿ ನಕಲು ತೆಗಿ. ಏನು ಕೆದಕೋದಿದ್ರೂ ಆ ನಕಲಿನಲ್ಲಿ ಕೆದಕು, ಮೂಲ ಮುಟ್ಟಬೇಡ." ಅದಕ್ಕೆ ಡಿಡಿರೆಸ್ಕ್ಯೂ ಅಂತ ಒಂದು ಉಚಿತ ತಂತ್ರಾಂಶವಿದೆ. ಅದರ ನಡತೆ ನನಗೆ ಬಹಳ ಹಿಡಿಸಿತು. ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಜಗಳಕ್ಕೆ ನಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ವಾಪಸು ಬಂದು ಆ ಕೆಟ್ಟ ಜಾಗಗಳನ್ನು ಚೂರುಚೂರಾಗಿ ಬಿಡಿಸುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವುದನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಶುರು. ಇದರ ಬೆಲೆ ನನಗೆ ಗೊತ್ತಾದದ್ದು ನಮ್ಮ ಕೆಲಸದಾಕೆ ಬೆಳಿಗ್ಗೆ ಗುಡಿಸಲು ಬಂದು, "ರಾತ್ರಿಯಿಂದ ಉರೀತಾ ಇತ್ತು ಅಣ್ಣ" ಅಂತ ಸ್ವಿಚ್ ಆರಿಸಿದಾಗ.

ನಕಲು ಸಿಕ್ಕ ಮೇಲೆ ಅದರ ಮೇಲೆ ಫೋಟೋರೆಕ್ ಓಡಿಸಿದೆ. ಹೆಸರಿನಲ್ಲಿ ಫೋಟೋ ಇದ್ದರೂ ಅದು ಎಲ್ಲ ಬಗೆಯ ಕಡತವನ್ನೂ ಹುಡುಕುತ್ತದೆ. ಹೆಸರು, ವಿಳಾಸ ಏನೂ ಕೇಳುವುದಿಲ್ಲ. ಒಂದೊಂದು ಜಾತಿಯ ಕಡತ ಶುರುವಾಗುವಾಗ ಒಂದೊಂದು ಗುರುತಿನ ಸಂಕೇತ ಇರುತ್ತದೆ, ಅದನ್ನಷ್ಟೇ ನೋಡಿ ಎತ್ತಿ ಹಾಕುತ್ತದೆ. ಹಳೇ ಎಕ್ಸೆಲ್, ವರ್ಡ್ ಕಡತಗಳದ್ದು ಡಿ, ಸೊನ್ನೆ, ಸಿ, ಎಫ್, ಒಂದು, ಒಂದು, ಇ, ಸೊನ್ನೆ. ಇಂಗ್ಲಿಷಿನಲ್ಲಿ D0CF11E0 ಅಂತ ಬರೆದು ನೋಡಿದರೆ 'ಡಾಕ್‌ಫೈಲ್' ಅಂತ ಓದಿಕೊಳ್ಳುವ ಹಾಗಿದೆ. ಮಾಡಿದವರೂ ಗುಮಾಸ್ತಿಕೆಯ ನಡುವೆ ಸ್ವಲ್ಪ ತಮಾಷೆ ಉಳಿಸಿಕೊಂಡಿದ್ದರು ಅಂತಾಯಿತು.

ತೊಂದರೆಯೆಂದರೆ ಈ ಪುಣ್ಯಾತ್ಮನಿಗೆ ಬೇಕಾದ್ದು, ಬೇಡದ್ದು ಅನ್ನುವ ಭೇದವಿಲ್ಲ. ಆ ಕಾಲದಲ್ಲಿ ನಾವು ನೋಡಿದ ವೆಬ್‌ಪುಟಗಳ ಗುಂಡಿ, ಬಾಣ, ಮಿಣುಕುವ ಜಾಹೀರಾತು, ಎಲ್ಲ ಸಾವಿರಗಟ್ಟಲೆ ಎದ್ದು ಬಂದವು. ಪೆನ್‌ಡ್ರೈವಿನಿಂದ ಹತ್ತಿಕೊಂಡಿದ್ದ ಹಳೇ ವೈರಸ್ಸೂ ಪುನರ್ಜನ್ಮ ಪಡೆದು ಬಂತು. ಅದನ್ನು ಕಂಡು ಲ್ಯಾಪ್‌ಟಾಪಿನ ಆಂಟಿವೈರಸ್ ಬೊಬ್ಬೆ ಹಾಕಿತು. ನನ್ನ ಮದುವೆಯ ಫೋಟೋಗಳಲ್ಲಿ ಅರ್ಧಕ್ಕರ್ಧ ಮೇಲಿನ ಭಾಗ ಸರಿಯಿದ್ದು ಕೆಳಗೆ ಬೂದು ಬಣ್ಣ. ಮಾಂಗಲ್ಯಧಾರಣೆಯ ಫೋಟೋದಲ್ಲಿ ನನ್ನ ಪೇಟ ಇದೆ, ಪುರೋಹಿತರ ತಲೆ ಇದೆ, ಛತ್ರದ ಫ್ಯಾನು ಬಹಳ ಸ್ಪಷ್ಟವಾಗಿ ಇದೆ.

ಆಗಲೇ ಹೆಂಡತಿ ಪರದೆಯತ್ತ ಬಾಗಿ ಕೇಳಿದ್ದು: "ರೀ, ಈ ಹಸಿರು ಸೀರೆ ಯಾರು?"

ಇಲ್ಲಿ ಸ್ವಲ್ಪ ತಾಂತ್ರಿಕ ವಿವರಣೆ ಬೇಕು. ಅವತ್ತು ಅವಳಿಗೂ ಇದನ್ನೇ ಕೊಟ್ಟೆ. ನಾವು ಡಿಲೀಟ್ ಮಾಡಿದಾಗ ಕಡತ ಅಳಿಸಿ ಹೋಗುವುದಿಲ್ಲ. ಕಂಡಕ್ಟರ್ ತನ್ನ ಶೀಟಿನಲ್ಲಿ ಸೀಟು ಖಾಲಿ ಅಂತ ಬರೆದುಕೊಂಡರೂ ಪ್ರಯಾಣಿಕ ಅಲ್ಲೇ ನಿದ್ದೆ ಹೊಡೆಯುತ್ತಿರುವ ಹಾಗೆ, ಬೇರೊಬ್ಬರು ಬಂದು ಆ ಜಾಗ ಹಿಡಿಯುವ ತನಕ ಹಳಬರು ಅಲ್ಲೇ ಇರುತ್ತಾರೆ. 2003ರಲ್ಲಿ ಬ್ರೋಕರ್ ಕಳಿಸಿದ್ದ, ನಾನು ಅಂದೇ ಸದ್ಭಾವನೆಯಿಂದ ಡಿಲೀಟ್ ಮಾಡಿದ್ದ ಹುಡುಗಿಯರ ಫೋಟೋ, ಜಾತಕ ಎಲ್ಲ ಒಂದು ಚೂರೂ ಬೂದು ಬಣ್ಣ ಸೋಕದೆ, ಅಡಿಯಿಂದ ಮುಡಿವರೆಗೆ ಹೊಳೆಯುತ್ತ ಬಂದು ಸಾಲಾಗಿ ನಿಂತಿದ್ದವು. ವಿವರಣೆಯ ನಡುವೆಯೇ ಹೆಂಡತಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಪರದೆ ತೋರಿಸಿದಳು. ಅಮ್ಮನಿಗೆ ಖುಷಿಯೋ ಖುಷಿ. "ಅಯ್ಯೋ, ಇವ್ಳು ತರೀಕೆರೆ ಹುಡ್ಗಿ ಕಣಮ್ಮ! ಲಕ್ಷಣವಾಗಿದ್ಲು. ಕುಜದೋಷ ಅಂತ ಬಿಟ್ವಿ. ಪಕ್ಕದ್ದು ತೋರ್ಸು, ಅವ್ಳು ಬ್ಯಾಂಕಲ್ಲಿದ್ಲು..." ಅತ್ತೆ ಸೊಸೆ ಇಷ್ಟು ಹೊತ್ತು ನಗುನಗುತ್ತ ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಬೆಳಗಿನ ಚಿತ್ರಾನ್ನ.

ಎಕ್ಸೆಲ್ ಕಡತ ಸಿಕ್ಕಿದ್ದು ಮರುದಿನ. ತೆರೆದರೆ ಮೊತ್ತದ ಕಾಲಂ ಅಚ್ಚುಕಟ್ಟಾಗಿದೆ: 51, 101, 101, 501, 51. ಹೆಸರಿನ ಕಾಲಂನಲ್ಲಿ ಮಾತ್ರ ತಲೆಯ ಮೇಲೆ ಟೋಪಿ, ಚುಕ್ಕಿ, ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನುಡಿ, ಬರಹ, ಶ್ರೀಲಿಪಿ ಬಳಸಿ ಆ ಕಾಲದಲ್ಲಿ ಟೈಪು ಮಾಡಿದವರಿಗೆ ಈ ಜಾತ್ರೆ ಗೊತ್ತಿರುತ್ತದೆ. ಇಂಗ್ಲಿಷಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದ ಫಾಂಟುಗಳು ಅವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಯಾವ ದೇಶದ್ದೂ ಅಲ್ಲದ ಭಾಷೆ. ಕನ್ನಡದ ಅಕ್ಷರಗಳಿಗೂ ಅವುಗಳದ್ದೇ ಸಂಕೇತ ಕೊಡುವ ಯುನಿಕೋಡ್ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೆ ಚಿಕ್ಕಪ್ಪನ ಕ್ಲಾಸಿಗೆ ಅದು ಇನ್ನೂ ಬಂದಿರಲಿಲ್ಲ.

"ದುಡ್ಡು ಕಾಣ್ತದೆ, ಕೊಟ್ಟೋರು ಕಾಣಲ್ವಲ್ಲೋ" ಅಂತ ಅಮ್ಮ ಗೋಳಾಡಿದರು. ಅಂಕಿಗಳು ಮಾತ್ರ ಯಾವ ಫಾಂಟಿನಲ್ಲೂ ಅಂಕಿಗಳಾಗಿಯೇ ಉಳಿದಿದ್ದವು. ಚಿಕ್ಕಪ್ಪನಿಗೂ ಬೇಕಾಗಿದ್ದದ್ದು ಅವೇ. ಅದೃಷ್ಟಕ್ಕೆ ಇಂಥ ಹಳೇ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಹಾಕಿ ತಿರುಗಿಸಿದೆ. ಒಂದೆರಡು ಕಡೆ ಒತ್ತಕ್ಷರ ದಾರಿ ತಪ್ಪಿ ಪಕ್ಕದ ಮನೆಗೆ ಹೋದದ್ದು ಬಿಟ್ಟರೆ, ಹೆಸರುಗಳೆಲ್ಲ ಕಣ್ಣುಬಿಟ್ಟವು.

ಹೆಸರುಗಳಷ್ಟೇ ಅಲ್ಲ. ಕೊನೆಯಲ್ಲಿ 'ಷರಾ' ಅಂತ ಒಂದು ಕಾಲಂ ಇತ್ತು. ಗುಮಾಸ್ತರು ಗುಮಾಸ್ತರೇ. "ಕವರ್ ಇದೆ, ಒಳಗೆ ಏನಿಲ್ಲ." "ನೋಟು ಹರಿದಿದೆ, ಬದಲಿಸಿಕೊಡಲು ಹೇಳಿದ್ದೇನೆ." "ಗೋಡೆ ಗಡಿಯಾರ, ಸೆಲ್ ಹಾಕಿಲ್ಲ." "ಊಟ ಮಾಡದೆ ಹೋದರು, ಸಿಟ್ಟು ಇರಬಹುದು." ನಾನು ಫೋನಿನಲ್ಲಿ ಒಂದೊಂದೇ ಓದುತ್ತ ಹೋದ ಹಾಗೆ ಅಮ್ಮನ ಧ್ವನಿ ಬಿಗಿಯಾಗುತ್ತ ಹೋಯಿತು. "ಏನು? ಅರಸೀಕೆರೆಯವ್ರು ಐವತ್ತೊಂದಾ? ಅವ್ರ ಮಗನ ಮದ್ವೆಗೆ ಐನೂರು ಹಾಕಿ ಬಂದೆನಲ್ಲೋ! ಹೋದ್ ವರ್ಷ ಗೃಹಪ್ರವೇಶಕ್ಕೂ ಹಾಕಿದ್ನಲ್ಲೋ!" ಇಪ್ಪತ್ತು ವರ್ಷದ ಆಯವ್ಯಯ ಒಂದೇ ಬೆಳಿಗ್ಗೆ ಮಗುಚಿ ಬಿತ್ತು. ಅಪ್ಪ, ಬಡ್ಡಿ ಹಾಕಿ ನೋಡಬೇಕು ಅಂತ ಪೆನ್ನು ತರಿಸಿಕೊಂಡರಂತೆ.

ಹೊಳೆನರಸೀಪುರದವರ ಸಾಲು ಬಂತು. ಮೊತ್ತ 101. ಷರಾ: "ಊಟಕ್ಕೆ 11 ಜನ. ಹೋಳಿಗೆ ಕಟ್ಟಿಸಿಕೊಂಡು ಹೋದರು."

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಬೆರಳು ಮಡಚುತ್ತ ಎಣಿಸುವುದು ಕೇಳಿಸಿತು: "ನಾನು, ನಿಮ್ಮಪ್ಪ, ನೀವು ನಾಲ್ಕು ಜನ, ಅಕ್ಕನ ಮನೆಯವ್ರು ಮೂರು, ಚಿಕ್ಕಪ್ಪ ಚಿಕ್ಕಮ್ಮ... ಸರಿಯಾಗಿ ಹನ್ನೊಂದು ಕಣೋ!"

ಟೆಂಪೋ ಟ್ರಾವೆಲರ್‌ಗೆ ಹೇಳಿಯಾಗಿದೆ. ಚಿಕ್ಕಪ್ಪನಿಗೆ ಮುಂದಿನ ಸೀಟೇ ಬೇಕಂತೆ; ಹೋಳಿಗೆಗೆ ಡಬ್ಬಿ ಅವರೇ ತರುತ್ತಾರಂತೆ.