ತೋಳದ ಲೆಕ್ಕ, ಕಾಟಿಯ ಲೆಕ್ಕ

ಭದ್ರಾ ಕಾಡಿನಲ್ಲಿ ಎಷ್ಟು ಕಾಟಿ, ಅಂದರೆ ಕಾಡುಕೋಣ, ಇವೆ ಅಂತ ಚಿಕ್ಕಮಗಳೂರಿನ ಮಲ್ಲಂದೂರು ಕಡೆ ಯಾರನ್ನಾದರೂ ಕೇಳಿ. 'ಬೇಕಾದಷ್ಟಿವೆ' ಅಂತಾರೆ. ನಾನೀಗ ಇರುವ ಮಿಷಿಗನ್ನಿನ ಹೋಟನ್ ಊರಿನಲ್ಲಿ ಐಲ್ ರಾಯಲ್ ದ್ವೀಪದ ತೋಳಗಳ ಬಗ್ಗೆ ಕೇಳಿದರೆ ಸಂಖ್ಯೆಯನ್ನೇ ಹೇಳುವವರು ಸಿಗುತ್ತಾರೆ. ಹೋದ ವರ್ಷ ಎಷ್ಟಿತ್ತು, ಯಾಕೆ ಬದಲಾಯಿತು ಅನ್ನೋದನ್ನೂ ಸೇರಿಸುತ್ತಾರೆ.

ಆ ದ್ವೀಪ ಲೇಕ್ ಸುಪೀರಿಯರ್ ಎಂಬ ಸಮುದ್ರದಂಥ ಸರೋವರದಲ್ಲಿದೆ. ವಿಸ್ತಾರ 500 ಚದರ ಕಿ.ಮೀ. ಮೇಲೆ ಸ್ವಲ್ಪ. ನಮ್ಮ ಭದ್ರಾ ಅಭಯಾರಣ್ಯವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ತೋಳ ಮತ್ತು ಮೂಸ್ ಎಣಿಸುವ ಕೆಲಸವನ್ನು 1958ರಲ್ಲಿ ವನ್ಯಜೀವಿ ವಿಜ್ಞಾನಿ ಡರ್ವರ್ಡ್ ಆಲನ್ ಶುರು ಮಾಡಿದರು. ಮೂಸ್ ಅಂದರೆ ಕುದುರೆಗಿಂತ ಎತ್ತರದ ಒಂದು ಜಿಂಕೆ ಜಾತಿ. 1970ರಲ್ಲಿ ವಿದ್ಯಾರ್ಥಿಯಾಗಿ ಬಂದ ರಾಲ್ಫ್ ಪೀಟರ್ಸನ್ ತಮ್ಮ ವೃತ್ತಿಯನ್ನೆಲ್ಲ ಆ ದ್ವೀಪಕ್ಕೇ ಕೊಟ್ಟರು.

ಚಳಿಗಾಲದಲ್ಲಿ ಸಣ್ಣ ವಿಮಾನದಿಂದ ಹಿಮದ ಮೇಲಿನ ಹೆಜ್ಜೆ ಹಿಡಿದು ತೋಳ ಹುಡುಕುತ್ತಾರೆ. ಬೇಸಿಗೆಯಲ್ಲಿ ಸತ್ತ ಮೂಸ್‌ಗಳ ಮೂಳೆ ಆರಿಸುತ್ತಾರೆ. ಮೂಳೆ ಹೊರಲು ಬರುವ ಸ್ವಯಂಸೇವಕರು ಕೈಯಿಂದ ದುಡ್ಡು ಕೊಟ್ಟು ಬರುತ್ತಾರೆ! ಹಲ್ಲು ನೋಡಿ ಪ್ರಾಣಿಯ ವಯಸ್ಸು ಹೇಳುತ್ತಾರೆ. ಆರೋಗ್ಯವಾಗಿದ್ದ ಪ್ರಾಣಿಯ ಸೊಂಟದ ಕೀಲು ನುಣ್ಣಗಿರುತ್ತೆ. ಸಂಧಿವಾತ ಬಂದದ್ದಾದರೆ ಅಂಚೆಲ್ಲ ತರಿತರಿ, ನಡುವೆ ತೂತು. ಹೀಗೆ ವರ್ಷಗಟ್ಟಲೆ ಕೂಡಿಟ್ಟ ಮೂಳೆಗಳಿಂದಲೇ ಒಂದು ವಿಷಯ ಹೊರಬಿತ್ತು: ಮರಿಯಾಗಿದ್ದಾಗ ಹೊಟ್ಟೆಗೆ ಸರಿಯಾಗಿ ಸಿಗದ ಮೂಸ್‌ಗೆ ವಯಸ್ಸಾದ ಮೇಲೆ ಕೀಲು ಕೈಕೊಡುತ್ತೆ. ನಾಲ್ಕು ವರ್ಷದ ಪಿಎಚ್‌ಡಿಯಲ್ಲಿ ಇದು ಸಿಗುವ ಮಾತಲ್ಲ.

ಇಷ್ಟನ್ನೂ ತಮ್ಮ ಅಧ್ಯಯನದ ಪ್ರತಿ ವರದಿಯಲ್ಲಿ ಊರಿನವರಿಗೆ ಅರ್ಥವಾಗುವ ಹಾಗೆ ಬರೆಯುತ್ತಾರೆ, ಯಾರು ಬೇಕಾದರೂ ಓದಬಹುದು. ನಾಯಿಗಳ ಪಾರ್ವೊ ರೋಗ ತಗುಲಿ 1980ರಲ್ಲಿ 50 ಇದ್ದ ತೋಳ ಎರಡೇ ವರ್ಷದಲ್ಲಿ 14ಕ್ಕೆ ಇಳಿದದ್ದು, ಕೊನೆಗೆ ಎರಡೇ ಉಳಿದಾಗ 2018-19ರಲ್ಲಿ ಹೊರಗಿನಿಂದ 19 ತೋಳ ತಂದು ಬಿಟ್ಟದ್ದು, ಎಲ್ಲವೂ ಇಲ್ಲಿ ಕಾಫಿ ಅಂಗಡಿಯ ಮಾತು.

ನಮ್ಮಲ್ಲಿ ಇಂಥ ಕೆಲಸ ಆಗಿಲ್ಲವಾ? ಆಗಿದೆ, ಚೆನ್ನಾಗೇ ಆಗಿದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ಉಲ್ಲಾಸ ಕಾರಂತರು 1986ರಲ್ಲಿ ನಾಗರಹೊಳೆಯಲ್ಲಿ ಹುಲಿ ಅಧ್ಯಯನ ಹಿಡಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಅನ್ನೋದನ್ನೇ ಆಧಾರ ಮಾಡಿಕೊಂಡು, ಮರಕ್ಕೆ ಕ್ಯಾಮೆರಾ ಕಟ್ಟಿ, ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಲೆಕ್ಕದ ವಿಧಾನ ಬೆಳೆಸಿದರು. ಆಮೇಲೆ ಹೊರದೇಶದವರೂ ಅದನ್ನು ಬಳಸಿದರು. ಭದ್ರಾದಲ್ಲೂ ಅದೇ ಕೆಲಸ ನಡೆಯಿತು. 1980ರ ದಶಕದ ಕೊನೆಗೆ ದನಗಳ ದೊಡ್ಡರೋಗ ಬಂದು ಅಲ್ಲಿನ ಕಾಟಿ ಸಾಲುಸಾಲಾಗಿ ಸತ್ತಿದ್ದವು. 2001-02ರಲ್ಲಿ ಕಾಡೊಳಗಿನ 400ಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಕಡೆಯ ಎಂ.ಸಿ. ಹಳ್ಳಿ ಮುಂತಾದ ಕಡೆ ಹೋಗಿ ನೆಲೆಸಿದವು. ಆ ಮನೆಗಳಿಗೆ ಹೋಗಿ ಬದುಕು ಹೇಗಾಯಿತು ಅಂತ ವನ್ಯಜೀವಿ ಸಂಶೋಧಕಿ ಕೃತಿ ಕಾರಂತ ಕೇಳಿ ದಾಖಲಿಸಿದ್ದಾರೆ.

ಇದೆಲ್ಲ ಬಹುಪಾಲು ಇರುವುದು ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳಲ್ಲಿ. ನಮ್ಮ ದೊಡ್ಡಪ್ಪನ ತೋಟ ಭದ್ರಾದ ಮುತ್ತೋಡಿ ಕಾಡಿಗೆ ಅಂಟಿಕೊಂಡಿದೆ. ಫೋನಲ್ಲಿ ಕೇಳಿದೆ. 'ಕ್ಯಾಮೆರಾ ಕಟ್ಟೋದು ನೋಡಿದ್ದೀನಿ ಮಾರಾಯ, ಅದರಲ್ಲಿ ಏನು ಬಿತ್ತು ಅಂತ ನಮಗ್ಯಾರು ಹೇಳ್ತಾರೆ?' ಅಂದರು.

ಅಮೆರಿಕದವರನ್ನು ಸುಮ್ನೆ ಹೊಗಳಿದರೂ ತಪ್ಪಾಗುತ್ತೆ. ಐಲ್ ರಾಯಲ್‌ನಲ್ಲಿ ಕಾಯಂ ವಾಸ ಯಾರದೂ ಇಲ್ಲ, ತೋಳ ಯಾರ ಕರುವನ್ನೂ ಹಿಡಿಯಲ್ಲ. ತೋಳ ಎಷ್ಟು ಅಂತ ಹೇಳಿದರೆ ಯಾರಿಗೇನು ನಷ್ಟ? ನಮ್ಮಲ್ಲಿ ಹುಲಿ ಓಡಾಡುವ ಜಾಗ ಬಾಯಿಬಿಟ್ಟರೆ ಕಳ್ಳಬೇಟೆಯವನಿಗೂ ಗೊತ್ತಾಗುತ್ತೆ. ಜಾಗ ಗುಟ್ಟಾಗಿಯೇ ಇರಲಿ. ಸಂಖ್ಯೆ ಮತ್ತು ಕಾರಣ ಗುಟ್ಟಾಗಿ ಇರಬೇಕಾಗಿಲ್ಲ ಅಲ್ವಾ?

ಸಂಶೋಧನೆಯನ್ನು ಜನರಿಗೆ ಮುಟ್ಟಿಸುವ ವಿಷಯದಲ್ಲಿ ಪಕ್ಕದ ಹಾಸನ ಅಮೆರಿಕಕ್ಕಿಂತ ಮುಂದಿದೆ ಅನ್ನೋದು ನನ್ನ ಲೆಕ್ಕ. ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ವನ್ಯಜೀವಿ ಸಂಸ್ಥೆಯವರು ಆನೆಗಳ ಹಿಂದೆ ವರ್ಷಗಟ್ಟಲೆ ಓಡಾಡಿ, ಮೊದಲು ತಮಿಳುನಾಡಿನ ವಾಲ್ಪಾರೈಯಲ್ಲಿ ಒಂದು ವಿಷಯ ಕಂಡುಕೊಂಡರು: ಜಾಸ್ತಿ ಸಾವು ಆಗುವುದು ಆನೆ ಹತ್ತಿರದಲ್ಲಿದೆ ಅಂತ ಗೊತ್ತಿಲ್ಲದೆ ಎದುರಾದಾಗ. ಅಲ್ಲಿಂದ ಹುಟ್ಟಿದ ಮೊಬೈಲ್ ಸಂದೇಶದ ಉಪಾಯ ಅರಣ್ಯ ಇಲಾಖೆಯ ಜೊತೆಗೂಡಿ ಸಕಲೇಶಪುರ, ಆಲೂರಿಗೂ ಬಂತು. ಕಾಫಿ ತೋಟ ನೆರಳಿನ ಕಾಡು, ಹತ್ತು ಮಾರು ದೂರದ ಆನೆಯೂ ಕಾಣಲ್ಲ. ಹಣ್ಣು ಕೊಯ್ಯಲು ಹೊರಟ ಹೆಂಗಸಿಗೆ ಆನೆ ಯಾವ ತೋಟದಲ್ಲಿದೆ ಅಂತ ಮೊದಲೇ ಗೊತ್ತಾದರೆ ದಾರಿ ಬದಲಿಸುತ್ತಾಳೆ. ಆನೆಯ ಕಾಟ ಇದರಿಂದ ನಿಂತಿಲ್ಲ. ಆದರೂ ಸಂಶೋಧನೆ ಅಲ್ಲಿ ಕೂಲಿಯವರ ಕೈಯವರೆಗೆ ಬಂದಿದೆ.

ಭದ್ರಾಕ್ಕೂ ಒಂದು ಹಾಳೆ ಸಾಕು. ವರ್ಷಕ್ಕೊಮ್ಮೆ, ಕನ್ನಡದಲ್ಲಿ. ಕಾಟಿ, ಕಡವೆ, ಹುಲಿ ಎಷ್ಟು, ಹೋದ ಸಲಕ್ಕಿಂತ ಯಾಕೆ ಹೆಚ್ಚು ಕಡಿಮೆ, ಜೊತೆಗೆ ನಡೆದ ವಾಚರ್‌ಗಳ ಹೆಸರು. ಕಾಡಿಗೆ ಹೋಗಲು ಅನುಮತಿ ಕೊಡುವಾಗಲೇ ಇದನ್ನೊಂದು ಷರತ್ತಾಗಿ ಹಾಕಲಿ. ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಿದರೆ ದೊಡ್ಡಪ್ಪ ಮೊದಲು 'ಲೆಕ್ಕ ತಪ್ಪು' ಅಂತಲೇ ಜಗಳ ತೆಗೆಯುತ್ತಾರೆ. ತೆಗೆಯಲಿ. ಬೇಸಿಗೆಯಲ್ಲಿ ಕಾಟಿ ಯಾವ ಹಳ್ಳಕ್ಕೆ ಇಳಿಯುತ್ತೆ ಅಂತ ಅವರಿಗೂ ಗೊತ್ತು, ಅವರನ್ನು ಈವರೆಗೆ ಯಾರೂ ಕೇಳಿಲ್ಲ.