ಸ್ಪಷ್ಟನೆ: ಸೆಸ್ನಾ 172 ಸಣ್ಣ ವಿಮಾನದ ಮುಂದಿನ ಚಕ್ರವನ್ನು ಎಷ್ಟು ತಿರುಗಿಸಬಹುದು?

‘ಟೋ ಬಾರ್ ಹಾಕಿದರೆ ಸೆಸ್ನಾ 172ರ ಮುಂದಿನ ಚಕ್ರವನ್ನು ಎಷ್ಟು ಬೇಕಾದರೂ ತಿರುಗಿಸಬಹುದು, ರಡ್ಡರ್ ಲಾಕ್ ಹಾಗೇ ಇರಲಿ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. (ಟೋ ಬಾರ್ ಎಂದರೆ ನಿಂತ ವಿಮಾನವನ್ನು ಎಳೆಯಲು ಮುಂದಿನ ಚಕ್ರಕ್ಕೆ ಸಿಕ್ಕಿಸುವ ಸರಳು. ರಡ್ಡರ್ ಎಂದರೆ ಬಾಲದಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ಹಲಗೆ; ನಿಂತಾಗ ಅದು ಅಲ್ಲಾಡದಂತೆ ಹಾಕುವ ಬಿಗಿಯೇ ರಡ್ಡರ್ ಲಾಕ್.) ಎರಡೂ ಮಾತು ತಪ್ಪು.

ವಿಮಾನದ ಕೈಪಿಡಿಯಲ್ಲೇ ಇದೆ: ಎಳೆಯುವಾಗ ನಡುವಿನಿಂದ ಎಡಕ್ಕಾಗಲಿ ಬಲಕ್ಕಾಗಲಿ 30 ಡಿಗ್ರಿ ಮೀರಬಾರದು, ಮೀರಿದರೆ ಗೇರ್‌ಗೆ, ಅಂದರೆ ಚಕ್ರದ ಜೋಡಣೆಗೆ, ಪೆಟ್ಟಾಗಬಹುದು. ರಡ್ಡರ್ ಲಾಕ್ ಇದ್ದರೆ ಮೊದಲು ತೆಗೆಯಬೇಕು. ಪೈಲಟ್ ಕಾಲಲ್ಲಿ ಒತ್ತುವ ಪೆಡಲ್, ರಡ್ಡರ್, ಮುಂದಿನ ಚಕ್ರ ಮೂರಕ್ಕೂ ಒಳಗೇ ಕೊಂಡಿ ಇದೆ. ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ತಿರುಚಿದರೆ ನಡುವಿನದ್ದು ತಾನೇ ಅನುಭವಿಸಬೇಕು? ಕೈಯಲ್ಲಿ ಎಳೆದರೆ ಬಿಗಿತ ಕೈಗಾದರೂ ತಿಳಿಯುತ್ತದೆ, ಟ್ರ್ಯಾಕ್ಟರಿಗೆ ಕಟ್ಟಿದರೆ ಅದೂ ಇಲ್ಲ. ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಜಾಗ ಸಾಲದಿದ್ದರೆ ಹಿಂದೆ ಮುಂದೆ ಮಾಡಿಕೊಂಡು ತಿರುಗಿಸಿ. ಬೇರೆ ಮಾದರಿಯಾದರೆ ಅದರ ಕೈಪಿಡಿಯನ್ನೇ ನೋಡಿ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ.